ಮರದ ಸಾಮಾನಿನಿಂದ ಲೆಕ್ಕ ಕಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ನಲಿ-ಕಲಿ ಶಿಕ್ಷಕರು ಮತ್ತು ಮೂರರಿಂದ ಏಳು ವರ್ಷದ ಮಕ್ಕಳಿರುವ ಮನೆಯವರು ಓದಿ.

ತುಣುಕು ಗಂಟಲಿಗೆ ಸಿಕ್ಕಿಕೊಂಡರೆ ಮಗು ಕೆಲವೇ ನಿಮಿಷದಲ್ಲಿ ಸಾಯಬಹುದು. ಗುಲಗಂಜಿ ಜಗಿದರೂ ಸಾಯಬಹುದು. ಅದಕ್ಕೆ ಪ್ರತಿವಿಷ ಇಲ್ಲ. ಕೈಯಲ್ಲಿ ಹಿಡಿದು ಎಣಿಸದೆ ಬರೀ ಬಾಯಿಪಾಠ ಮಾಡಿದ ಮಗು ಮುಂದೆ ದಶಕ ಸಹಿತ ಕಳೆಯುವ ಲೆಕ್ಕ ಬಂದಾಗ ಅಲ್ಲೇ ನಿಂತುಬಿಡುತ್ತದೆ. ಈ ಕಾರಣಗಳನ್ನು ಕೆಳಗೆ ಮತ್ತೆ ಹೇಳುವುದಿಲ್ಲ.

ಮಾಡಬೇಕಾದ್ದು

ಸಾಮಾನು ತರುವಾಗ, ಮಾಡಿಸುವಾಗ

– ಆಚಾರಿ ಹತ್ತಿರ ಒಂದು ಹಲಗೆಗೆ 32 ಮಿಲಿಮೀಟರ್ ಅಗಲದ ತೂತು ಹಾಕಿಸಿ.
– ಪ್ರತಿ ತುಣುಕನ್ನೂ ಆ ತೂತಿಗೆ ಹಾಕಿ ನೋಡಿ.
– ತೂರಿ ಆಚೆ ಬಿದ್ದದ್ದನ್ನೆಲ್ಲ ಬೇರೆ ಡಬ್ಬಿಗೆ ಹಾಕಿ, ಮೂರು ವರ್ಷದೊಳಗಿನವರಿಗೆ ಎಟುಕದಂತೆ ಮೇಲಿಡಿ. ಅಕ್ಕನ ಕಂಕುಳಲ್ಲಿ ಅಂಗನವಾಡಿಗೆ ಬರುವ ತಮ್ಮನೂ ಇದರಲ್ಲಿ ಸೇರಿದ.
– ಅಂಚು, ಮೂಲೆಗಳನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿಸಿ.
– ಆಮೇಲೆ ಹಳೇ ಪಂಚೆ ಬಟ್ಟೆಯಿಂದ ಸವರಿ. ನೂಲು ಎಲ್ಲಿ ಸಿಕ್ಕಿತೋ ಅಲ್ಲಿ ಸಿಬಿರು ಇದೆ. ಅಲ್ಲಿ ಇನ್ನೊಮ್ಮೆ ಉಜ್ಜಿಸಿ.
– ಅಂಗಡಿಯಿಂದ ತರುವುದಾದರೆ ಚನ್ನಪಟ್ಟಣದ್ದು ತನ್ನಿ: ಆಲೆ ಮರ, ಅರಗಿನ ಬಣ್ಣ. ಮದ್ದೂರು ಕಡೆಯಿಂದ ಹೋಗುವವರು ಹಳೇ ರಸ್ತೆ ಹಿಡಿಯಿರಿ. ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ.
– ಕಾರ್ಖಾನೆ ಆಟಿಕೆಯಾದರೆ ಐಎಸ್ಐ ಗುರುತು ನೋಡಿ. 2021ರ ಜನವರಿ 1ರಿಂದ ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಸಾಮಾನನ್ನೂ ತೂತಿನ ಹಲಗೆಯಲ್ಲಿ ನೀವೇ ಪರೀಕ್ಷಿಸಿ.

ಹತ್ತು ಕೋಲು

– ಆರು ಮೀಟರ್ ರೀಪರ್ ತನ್ನಿ. ಹತ್ತು ಕೋಲಿಗೆ ಬೇಕಾದ್ದು ಐದೂವರೆ ಮೀಟರ್. ಉಳಿದದ್ದು ಗರಗಸದ ಪಾಲು.
– ಮೊದಲನೆಯದು 10 ಸೆಂಟಿಮೀಟರ್, ಎರಡನೆಯದು 20, ಹೀಗೆ ಹತ್ತನೆಯದು ಒಂದು ಮೀಟರ್ ಬರುವಂತೆ ಕುಯ್ಯಿಸಿ. ಇದು ಮಾಂಟೆಸ್ಸೊರಿ ಅಳತೆ. ಒಂದು ಕೋಲು ಬೆರಳಷ್ಟು ಹೆಚ್ಚುಕಡಿಮೆಯಾದರೂ ಲೆಕ್ಕ ಕೂಡಿಬರುವುದಿಲ್ಲ.
– ಹತ್ತು ಸೆಂಟಿಮೀಟರಿಗೊಂದರಂತೆ ಕೆಂಪು ಪಟ್ಟೆ, ನೀಲಿ ಪಟ್ಟೆ ಹಾಕಿಸಿ.
– ಚಾಪೆ ಹಾಸಿ, ಗಿಡ್ಡದಿಂದ ಉದ್ದಕ್ಕೆ ಜೋಡಿಸಲು ಬಿಡಿ. ಆವತ್ತು ಅಂಕಿಯ ಮಾತೇ ಎತ್ತದಿರಿ.
– ಮರುದಿನದಿಂದ ಪಟ್ಟೆ ಮುಟ್ಟಿ ಮುಟ್ಟಿ ಎಣಿಸಿ ತೋರಿಸಿ. ಬಾಯಿ ಓಡಿದಷ್ಟು ಬೆರಳೂ ಓಡಬೇಕು.
– ಮೂರು ಹೆಜ್ಜೆಯಲ್ಲಿ ಹೇಳಿಕೊಡಿ: "ಇದು ಮೂರು." "ಮೂರು ಕೊಡು, ಕಂದ." "ಇದು ಎಷ್ಟು?" ಮೂರನೆಯದಕ್ಕೆ ತಡವರಿಸಿದರೆ ಮೊದಲನೆಯದಕ್ಕೆ ಹಿಂದಿರುಗಿ.
– ಎಣಿಸಿ ಮುಗಿಸಿದ ಮೇಲೆ "ಒಟ್ಟು ಎಷ್ಟು?" ಎಂದು ಕೇಳಿ. ಉತ್ತರ ಹೇಳುವ ಬದಲು ಮತ್ತೆ ಒಂದರಿಂದ ಎಣಿಸಿದರೆ ಮಗುವಿಗೆ ಸಂಖ್ಯೆ ಇನ್ನೂ ದಕ್ಕಿಲ್ಲ. ಕಾಯಿರಿ.
– ಹತ್ತರ ಕೋಲಿನ ಕೆಳಗೆ ಒಂಬತ್ತು ಮತ್ತು ಒಂದು, ಅದರ ಕೆಳಗೆ ಎಂಟು ಮತ್ತು ಎರಡು, ಏಳು ಮತ್ತು ಮೂರು, ಆರು ಮತ್ತು ನಾಲ್ಕು ಇಡಿಸಿ. ಐದರ ಕೋಲು ಜೊತೆಯಿಲ್ಲದೆ ಉಳಿಯುತ್ತದೆ. ಅದನ್ನು ಹತ್ತರ ಪಕ್ಕ ಎರಡು ಸಲ ಮಗುಚಿಸಿ. ಹತ್ತರಲ್ಲಿ ಎರಡು ಐದು ಇವೆ ಎಂಬುದನ್ನು ಮಗು ತಾನೇ ಹೇಳುತ್ತದೆ.

ಕಡ್ಡಿ ಪೆಟ್ಟಿಗೆ, ನಾಲ್ಕು ವರ್ಷ ದಾಟಿದ ಮೇಲೆ

– ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮನೆ ಮಾಡಿಸಿ.
– ಎಣಿಸಿ 45 ಕಡ್ಡಿ ಇಡಿ.
– ಸೊನ್ನೆಯ ಮನೆ ಖಾಲಿ ಬಿಡಿ. ಸೊನ್ನೆ ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾರೂ ಕಂಡುಹಿಡಿದಿಲ್ಲ.
– ಒಂಬತ್ತರ ಮನೆಗೆ ಕಡ್ಡಿ ಸಾಲದೆ ಬಂದರೆ ಸುಮ್ಮನಿರಿ. ಹಿಂದಿನ ಯಾವುದೋ ಮನೆಗೆ ಒಂದು ಹೆಚ್ಚು ಬಿದ್ದಿದೆ, ಮಗುವೇ ಹುಡುಕಲಿ.
– ಒಂದನೇ ಕ್ಲಾಸಿನವರಿಗೆ ಹತ್ತು ಹತ್ತು ಕಡ್ಡಿ ದಾರದಲ್ಲಿ ಕಟ್ಟಿ ಕೊಡಿ. ಎರಡು ಕಟ್ಟು, ಒಂದು ಬಿಡಿ ಇಟ್ಟು ಇಪ್ಪತ್ತೊಂದು ಹೇಳಿಸಿ.

ಮನೆಯಲ್ಲಿ

– ಪಾವು, ಸೇರು ಕೈಗೆ ಕೊಡಿ. ನಾಲ್ಕು ಪಾವು ಅಕ್ಕಿಗೆ ಸೇರು ತುಂಬುವುದನ್ನು ಮಗುವೇ ಸುರಿದು ನೋಡಲಿ.
– ಅಟ್ಟದ ಮೇಲಿನ ಅಳಗುಳಿ ಮಣೆ ಇಳಿಸಿ, ಐದು ವರ್ಷ ದಾಟಿದವರಿಗೆ ಮಾತ್ರ.
– ದೊಡ್ಡವರೊಬ್ಬರು ಎದುರು ಕೂತು ಆಡಿ.
– ಹುಣಸೆ ಬೀಜ ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಒಂದು ಕಡಿಮೆ ಬಂದರೂ ಆಟ ನಿಲ್ಲಿಸಿ ಹುಡುಕಿ.

ಮಾಡಬಾರದ್ದು

– ಗುಲಗಂಜಿ ಬೇಡ. ಅಜ್ಜಿ ಕಾಲದಿಂದ ಮಣೆಯಲ್ಲೇ ಇದ್ದರೂ ಬೇಡ.
– ಹರಳು ಬೀಜ ಬೇಡ, ಅದೂ ವಿಷ.
– ಬಿತ್ತನೆಗೆ ತಂದ ಬಣ್ಣದ ಭತ್ತ, ಮುಸುಕಿನ ಜೋಳ ಎಣಿಕೆಗೆ ಬೇಡ. ಆ ಬಣ್ಣದಲ್ಲಿ ಔಷಧಿ ಇದೆ.
– ಹಳೇ ಬಾಗಿಲು, ಕಿಟಕಿ ಹಲಗೆ ಕುಯ್ದು ಸಾಮಾನು ಮಾಡಿಸುವುದು ಬೇಡ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ.
– ಗೇಟಿಗೆ ಬಳಿದು ಉಳಿದ ಪೇಂಟ್ ಬೇಡ.
– ಮೊಳೆ ಹೊಡೆದು ಜೋಡಿಸಬಾರದು.
– ಎಣಿಸುವ ಹೊತ್ತಿನಲ್ಲಿ ಬಾಯಲ್ಲಿ ಕಡಲೆಕಾಯಿ ಬೇಡ.
– ಎಲ್ಲ ಸಾಮಾನನ್ನೂ ಒಟ್ಟಿಗೆ ಚಾಪೆ ಮೇಲೆ ಸುರಿಯಬಾರದು.
– ಕೋಲು ಕೈಯಲ್ಲಿದೆ ಎಂದು ಹೊಡೆಯಬಾರದು, ಹೆದರಿಸಲೂಬಾರದು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಅಂಗನವಾಡಿಯಲ್ಲೂ, ಮನೆಯಲ್ಲೂ ಬೇಡ. ಏಟು ಕೊಟ್ಟ ಕೋಲನ್ನು ಮಗು ಎಣಿಸಲು ಮುಟ್ಟುವುದಿಲ್ಲ.
– "ತಪ್ಪು", "ದಡ್ಡ" ಎನ್ನುವುದು ಬೇಡ.
– ಏಳು ತುಣುಕನ್ನು ಅಗಲವಾಗಿ ಹರಡಿದಾಗ ನಾಲ್ಕು ವರ್ಷದ ಮಗು "ಜಾಸ್ತಿ ಆಯ್ತು" ಎಂದರೆ ತಿದ್ದುವುದು ಬೇಡ. ಆ ವಯಸ್ಸೇ ಹಾಗೆ, ತಾನಾಗಿ ಸರಿಹೋಗುತ್ತದೆ.
– ಕೋಲು, ಕಡ್ಡಿ ಪಳಗುವ ಮೊದಲು ಸ್ಲೇಟಿನ ಮೇಲೆ ಅಂಕಿ ತಿದ್ದಿಸಬಾರದು.
– ನೆಂಟರ ಮುಂದೆ ನಿಲ್ಲಿಸಿ ಮಗ್ಗಿ ಹೇಳಿಸುವುದು ಬೇಡ.
– ಎಡಗೈಯಲ್ಲಿ ಹಿಡಿದ ಕಡ್ಡಿಯನ್ನು ಬಲಗೈಗೆ ಬದಲಾಯಿಸಬಾರದು.
– ಸಾಮಾನನ್ನು ಬೀರುವಿಗೆ ಬೀಗ ಹಾಕಿ ಇಡಬಾರದು. ಮಕ್ಕಳಿಗೆ ಚಟುವಟಿಕೆಯಿಂದ ಕಲಿಸಬೇಕೆಂದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಯಿತು. ತಪಾಸಣೆಯ ದಿನ ಮಾತ್ರ ಹೊರಬರುವ ಹೊಳೆಯುವ ಕಿಟ್ ಯಾವ ಮಗುವಿಗೂ ಏನನ್ನೂ ಕಲಿಸಿಲ್ಲ. ಸವೆದರೆ ಸವೆಯಲಿ.

ತುಣುಕು ಸಿಕ್ಕಿಕೊಂಡರೆ

– ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ.
– ದನಿ ಹೊರಡದಿದ್ದರೆ, ಉಸಿರು ಕಟ್ಟಿದರೆ ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ.
– ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ.
– ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು; ಎದೆ ಮೂಳೆಯನ್ನು ಎರಡು ಬೆರಳಿನಿಂದ ಒತ್ತಿ.
– ತುಣುಕು ಹೊರಬರುವವರೆಗೆ ಗುದ್ದುವುದು, ಒತ್ತುವುದು ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ.
– ಕಾಣದ ತುಣುಕಿಗೆ ಬಾಯೊಳಗೆ ಬೆರಳು ಹಾಕಿ ತಡಕುವುದು ಬೇಡ.
– ನೀರು ಕುಡಿಸಬಾರದು.
– ಬೀಜ ಮೂಗಿಗೆ ಹೋಗಿದ್ದರೆ ಹೇರ್‌ಪಿನ್ ಹಾಕಿ ಕೆದಕುವುದು ಬೇಡ, ನೀರು ಬಿಡುವುದೂ ಬೇಡ. ನೆಂದ ಬೀಜ ಊದಿಕೊಳ್ಳುತ್ತದೆ. ಮೂಗು-ಕಿವಿ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಮಂಡ್ಯದಲ್ಲಾದರೆ ಮಿಮ್ಸ್ ಆಸ್ಪತ್ರೆಗೆ.
– ಗುಲಗಂಜಿ ಅಥವಾ ಹರಳು ನುಂಗಿದ ಅನುಮಾನ ಬಂದರೂ ಸಾಕು, ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸುವುದು ಬೇಡ. ಉಳಿದ ಬೀಜವನ್ನು ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.