ಕ್ಲಾಸ್ ಬರೆಯುವ ಮುನ್ನ

ನೋಡಮ್ಮ, ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಡುವ ನಿನ್ನ ಲೈಬ್ರರಿಯನ್ನು ನಿನ್ನೆ ಕೂತು ಓದಿದೆ. 1000 ಕೊಟ್ಟರೆ ‘ಒಂದು ಸಾವಿರ’, 1250 ಕೊಟ್ಟರೆ ‘ಒಂದು ಸಾವಿರದ ಇನ್ನೂರ ಐವತ್ತು’. ಆ ‘ದ’ಕಾರವನ್ನು ಮರೆಯದೆ ಸೇರಿಸಿದ್ದೀಯ, ನೋಡಿ ಸಂತೋಷವಾಯಿತು. ಆದರೆ ಈ ಒಂದು ಸಾಲು ಪಡೆಯಲು ನಾನು ಮೊದಲು ಕಾನ್ಫಿಗ್ ಕಟ್ಟಬೇಕು, ಅದನ್ನು ಫ್ಯಾಕ್ಟರಿಗೆ ಕೊಡಬೇಕು, ಫ್ಯಾಕ್ಟರಿಯಿಂದ ಕನ್ವರ್ಟರ್ ಈಸಿಕೊಳ್ಳಬೇಕು. ಯಾಕಮ್ಮ? ಅಂಕಿ ಒಳಗೆ ಹೋಗುತ್ತದೆ, ಪದ ಹೊರಗೆ ಬರುತ್ತದೆ. ನಡುವೆ ನೆನಪಿಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಇದಕ್ಕೆ ಒಂದು ಫಂಕ್ಷನ್ ಧಾರಾಳವಾಯಿತು.

ಆಬ್ಜೆಕ್ಟ್ ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ಸಲ ಕಾಲ್ ಮಾಡಿದ ಮೇಲೆ ಮುಂದಿನ ಕಾಲ್‌ಗೆ ಏನಾದರೂ ಉಳಿಯಬೇಕೆ, ಉಳಿದರೆ ಅದು ಯಾರ ಕೈಯಲ್ಲಿರಬೇಕು ಎಂದು ಕೇಳಿಕೋ. ಸಿ ಭಾಷೆಯ ಸ್ಟ್ರ್‌ಟಾಕ್ ಗೊತ್ತಲ್ಲ, ಸಾಲನ್ನು ತುಂಡು ತುಂಡಾಗಿ ಒಡೆಯುವುದು. ಎಲ್ಲಿಗೆ ನಿಲ್ಲಿಸಿದೆ ಎಂಬುದನ್ನು ಅದು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಹೊರಗಿನ ಲೂಪ್‌ನಲ್ಲಿ ಫೈಲನ್ನು ಸಾಲುಗಳಾಗಿ, ಒಳಗಿನದರಲ್ಲಿ ಸಾಲನ್ನು ಅಲ್ಪವಿರಾಮಗಳಲ್ಲಿ ಒಡೆಯಲು ಹೋದೆಯೋ, ಒಳಗಿನದು ಹೊರಗಿನದರ ಗುರುತನ್ನೇ ಅಳಿಸಿಹಾಕುತ್ತದೆ. ಆಮೇಲೆ ಬಂದ ಸ್ಟ್ರ್‌ಟಾಕ್-ಆರ್ ಆ ಗುರುತನ್ನು ಕಾಲ್ ಮಾಡುವವರ ಕೈಗೇ ಕೊಟ್ಟಿತು, ತಂಟೆ ಮುಗಿಯಿತು.

ನಾನೂ ಇದರಲ್ಲಿ ಕೈ ಸುಟ್ಟುಕೊಂಡವಳು. ದಶಾಂಶದ ನಂತರ ಎಷ್ಟು ಅಂಕಿ ಬೇಕೆಂಬುದನ್ನು ಒಂದು ಗ್ಲೋಬಲ್ ವೇರಿಯೇಬಲ್‌ನಲ್ಲಿ ಇಟ್ಟಿದ್ದೆ. ವರದಿ ತಯಾರಿಸುವ ಭಾಗ ಅದನ್ನು ಸೊನ್ನೆ ಮಾಡಿತು; ಅದೇ ಪ್ರೋಗ್ರಾಮಿನ ಬಿಲ್ಲುಗಳಲ್ಲಿ ಪೈಸೆಗಳೇ ಮಾಯವಾದವು. ತಪ್ಪು ಎಲ್ಲಿದೆ ಎಂದು ಹುಡುಕಲು ಎರಡು ದಿನ ಹಿಡಿಯಿತು. ಉಳಿಯಬೇಕಾದದ್ದು ಇದ್ದರೆ ಅದನ್ನು ಆಬ್ಜೆಕ್ಟ್‌ನೊಳಗೆ ಕಟ್ಟಿಡು ಅನ್ನುವುದು ಅದಕ್ಕೇ.

ಅದಕ್ಕೆ ಕ್ಲಾಸ್ ಎಂಬ ಪದವೇ ಬೇಕೆಂದೂ ಇಲ್ಲ. ಎಸ್‌ಕ್ಯೂಲೈಟ್ ನೋಡು. 2000ದಲ್ಲಿ ರಿಚರ್ಡ್ ಹಿಪ್ ಹೊರತಂದದ್ದು, ಕ್ಲಾಸೇ ಇಲ್ಲದ ಸಿ ಭಾಷೆಯಲ್ಲಿ ಬರೆದದ್ದು, ಇವತ್ತು ನಮ್ಮೆಲ್ಲರ ಫೋನಿನಲ್ಲೂ ಇದೆ. ಡೇಟಾಬೇಸ್ ತೆರೆದರೆ ಒಂದು ಹ್ಯಾಂಡಲ್ ಕೊಡುತ್ತದೆ. ಮುಂದಿನ ಕೆಲಸಕ್ಕೆಲ್ಲ ಅದನ್ನೇ ಹಿಡಿದು ಹೋಗಬೇಕು, ಮುಗಿದಾಗ ಮುಚ್ಚಬೇಕು. ಒಳಗೇನಿದೆ ಎಂದು ಬಳಸುವವರಿಗೆ ಕಾಣುವುದಿಲ್ಲ. ಬರೆದದ್ದು ಫಂಕ್ಷನ್‌ಗಳಲ್ಲಿ, ಯೋಚನೆ ಪೂರಾ ಆಬ್ಜೆಕ್ಟ್‌ನದು.

ನನಗೆ ಇನ್ನೂ ಹಿಡಿಸಿದ್ದು ಪೈಥಾನಿನ ಜೇಸನ್ ಮಾಡ್ಯೂಲ್. ದಿನನಿತ್ಯದ ಕೆಲಸಕ್ಕೆ ಡಂಪ್ಸ್ ಎಂಬ ಒಂದೇ ಫಂಕ್ಷನ್. ತಮ್ಮದೇ ರೀತಿಯಲ್ಲಿ ಬೇಕೆನ್ನುವವರಿಗೆ ಜೇಸನ್‌ಎನ್‌ಕೋಡರ್ ಎಂಬ ಕ್ಲಾಸ್. ಆ ಫಂಕ್ಷನ್ನಿನ ಹಿಂದೆ ನಿಂತು ದುಡಿಯುವುದೂ ಅದೇ ಕ್ಲಾಸು, ಆದರೆ ಹೊಸಬರಿಗೆ ಅದರ ಮುಖ ನೋಡುವ ಪ್ರಮೇಯವೇ ಬರುವುದಿಲ್ಲ.

ಇನ್ನೊಂದು ಮಾತು, ಇನ್‌ಹೆರಿಟೆನ್ಸ್ ಬಗ್ಗೆ. ಹೊರಗಿನವರು ಒಮ್ಮೆ ನಿನ್ನ ಕ್ಲಾಸಿನಿಂದ ತಮ್ಮ ಕ್ಲಾಸ್ ಮಾಡಿಕೊಂಡರೆ, ಅದರ ಒಳಗಿನ ಒಂದು ಮೆಥಡ್‌ನ ಹೆಸರು ಬದಲಿಸಿದರೂ ಅವರ ಕೋಡ್ ಮುರಿಯಬಹುದು. ಫಂಕ್ಷನ್ ಆದರೆ ಹೆಸರು, ಕೊಡುವುದು, ಪಡೆಯುವುದು ಇಷ್ಟನ್ನು ಕಾಪಾಡಿದರಾಯಿತು.

ಈ ಭಾನುವಾರ ಒಂದು ಕೆಲಸ ಮಾಡು. ಲೈಬ್ರರಿ ಬದಿಗಿಡು, ಅದನ್ನು ಬಳಸುವವಳು ನೀನೇ ಎಂದುಕೊಂಡು ಹತ್ತು ಸಾಲು ಬರಿ. ಆ ಸಾಲುಗಳು ಕೇಳಿದ್ದನ್ನಷ್ಟೇ ಇಟ್ಟುಕೊಂಡು ನನಗೆ ಕಳಿಸು, ಮೊದಲು ಬಳಸುವವಳು ನಾನೇ.