23,000 ಕೋಟಿ ವಾನ್ ಮತ್ತು ನನ್ನ ಏಳನೇ ಕಂತು

2020ರ ಏಪ್ರಿಲ್ 3, ಶುಕ್ರವಾರ. ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ಆ ದಿನ ಮಹೀಂದ್ರಾ ಅಂಡ್ ಮಹೀಂದ್ರಾದ ಆಡಳಿತ ಮಂಡಳಿ ಒಂದು ತೀರ್ಮಾನಕ್ಕೆ ಬಂತು. ಕೊರಿಯಾದ ಸಾಂಗ್‌ಯಾಂಗ್ ಮೋಟರ್ ಕಂಪನಿಗೆ ಹಾಕುತ್ತೇವೆಂದು ವರ್ಷದ ಆರಂಭದಲ್ಲಿ ಹೇಳಿದ್ದ 23,000 ಕೋಟಿ ವಾನ್, ಅಂದರೆ ಸುಮಾರು 1,400 ಕೋಟಿ ರೂಪಾಯಿ, ಇನ್ನು ಹಾಕುವುದಿಲ್ಲ. ಮೂರು ತಿಂಗಳ ಖರ್ಚಿಗೆಂದು ಹೆಚ್ಚೆಂದರೆ 4,000 ಕೋಟಿ ವಾನ್ ಕೊಡಬಹುದು. ಆಮೇಲೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಲಿ.

ಅದೇ ದಿನಗಳಲ್ಲಿ ನನ್ನ ಫೋನಿಗೂ ಒಂದು ಸಂದೇಶ ಬಂದಿತ್ತು. ಇಪ್ಪತ್ತು ವರ್ಷದ ಎಂಡೋಮೆಂಟ್ ಪಾಲಿಸಿಯ ಏಳನೇ ಕಂತು, 60,000 ರೂಪಾಯಿ. ಕೋವಿಡ್ ನೆಪದಲ್ಲಿ ಕಟ್ಟಲು ಮೂವತ್ತು ದಿನ ಹೆಚ್ಚಿಗೆ ಕೊಟ್ಟಿದ್ದರು. ಮನೆಯಲ್ಲಿ ಕೂತು ಮಾಡಲು ಬೇರೇನೂ ಇರಲಿಲ್ಲವಾದ್ದರಿಂದ ಕಪಾಟಿನಿಂದ ಬಾಂಡ್ ತೆಗೆದು, ಹಿಂಬದಿಯ ಸಣ್ಣಕ್ಷರವನ್ನೂ ಬಿಡದೆ ಓದಿದೆ. ಓದಿ ಮುಗಿಸಿ ಸರೆಂಡರ್ ಮಾಡಿದೆ. ಕಟ್ಟಿದ್ದು 3,60,000. ಕೈಗೆ ಬಂದದ್ದು 1,92,000. ನಮ್ಮ ನೆಂಟರಿಷ್ಟರ ಲೆಕ್ಕದಲ್ಲಿ ನಾನು ಇವತ್ತಿಗೂ ಒಂದು ಲಕ್ಷದ ಅರವತ್ತೆಂಟು ಸಾವಿರ ಕಳೆದುಕೊಂಡವನೇ. ಮುಂಬೈಯ ಅಂಧೇರಿ ಪಶ್ಚಿಮದ ಮೊಗವೀರ ಭವನದಲ್ಲಿ ಯಾರದಾದರೂ ಮದುವೆ ಊಟಕ್ಕೆ ಕೂತರೆ ಸಾಕು, ಪಾಯಸ ಬರುವುದರೊಳಗೆ ಒಬ್ಬರಾದರೂ ಆ ಮಾತು ಎತ್ತುತ್ತಾರೆ. 'ಇನ್ನೊಂದಷ್ಟು ವರ್ಷ ತಡೆದಿದ್ದರೆ ಪೂರ್ತಿ ಬರುತ್ತಿತ್ತಲ್ಲಾ ಮಾರಾಯ್ರೆ!'

ಈ ಮಾತನ್ನು ವರ್ಲಿಯ ಮಹೀಂದ್ರಾ ಟವರ್ಸ್‌ನಲ್ಲೂ ಯಾರಾದರೂ ಆಡಿಯೇ ಇರುತ್ತಾರೆ. ಹಾಕಿದ ಹಣ ಸಣ್ಣದಲ್ಲ. 2010ರ ನವೆಂಬರಿನಲ್ಲಿ ಒಪ್ಪಂದ, 2011ರ ಮಾರ್ಚಿನಲ್ಲಿ ಸ್ವಾಧೀನ. ಶೇ 70ರ ಪಾಲಿಗೆ ತೆತ್ತದ್ದು 52,250 ಕೋಟಿ ವಾನ್, ಅಂದಿನ ಲೆಕ್ಕದಲ್ಲಿ 2,100 ಕೋಟಿ ರೂಪಾಯಿ. ಕೊಂಡ ಕಂಪನಿಯೋ, ಅದಾಗಲೇ ಒಬ್ಬ ವಿದೇಶಿ ಯಜಮಾನ ಕೈಬಿಟ್ಟಿದ್ದು. ಚೀನಾದ ಎಸ್‌ಎಐಸಿ 2004ರಲ್ಲಿ ಕೊಂಡು, 2009ರ ಜನವರಿಗೆ ಕೈ ಚೆಲ್ಲಿ ಕೋರ್ಟಿನ ಸುಪರ್ದಿಗೆ ಬಿಟ್ಟಿತ್ತು. ಆ ವರ್ಷವೇ ಪ್ಯೊಂಗ್‌ಟೇಕ್ ಕಾರ್ಖಾನೆಯೊಳಗೆ ಕಾರ್ಮಿಕರು 77 ದಿನ ಬೀಡುಬಿಟ್ಟು ಮುಷ್ಕರ ಹೂಡಿದ್ದರು. ಇದೆಲ್ಲ ಗೊತ್ತಿದ್ದೇ ಮಹೀಂದ್ರಾ ಒಳಗೆ ಕಾಲಿಟ್ಟಿತು. 2013ರಲ್ಲಿ ಮತ್ತೆ 8,000 ಕೋಟಿ ವಾನ್. 2019ರಲ್ಲಿ ಮತ್ತೆ 5,000 ಕೋಟಿ ವಾನ್. ಪಾಲು ಮುಕ್ಕಾಲಿಗೆ ಹತ್ತಿರವಾಯಿತು.

ನಡುವೆ ಒಳ್ಳೆಯ ದಿನಗಳೂ ಇದ್ದವು, ಅದನ್ನು ಮರೆಯಬಾರದು. 2015ರಲ್ಲಿ ಬಂದ ಟಿವೊಲಿ ಎಂಬ ಪುಟ್ಟ ಎಸ್‌ಯುವಿ ಚೆನ್ನಾಗಿ ಓಡಿತು. 2016ರಲ್ಲಿ ಕಂಪನಿ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಲಾಭ ಕಂಡಿತು. ಇಂಥ ಒಂದು ಒಳ್ಳೆಯ ವರ್ಷವೇ ಅಪಾಯಕಾರಿ. ನನ್ನ ಪಾಲಿಸಿಯಲ್ಲೂ ಒಂದು ವರ್ಷ ಬೋನಸ್ ತುಸು ಏರಿಸಿ ಚೆಂದದ ಪತ್ರ ಕಳಿಸಿದ್ದರು. ಆ ಕಾಗದ ನನ್ನಿಂದ ಇನ್ನೆರಡು ಕಂತು ಕಟ್ಟಿಸಿತು. 2017ರಿಂದ ಸಾಂಗ್‌ಯಾಂಗ್ ಮತ್ತೆ ನಷ್ಟಕ್ಕಿಳಿಯಿತು. ತವರು ಮಾರುಕಟ್ಟೆಯಲ್ಲಿ ಹುಂಡೈ-ಕಿಯಾ ಎಂಬ ಗುಡ್ಡ. ರಷ್ಯಾದ ವ್ಯಾಪಾರ ರೂಬಲ್ ಕುಸಿತದಲ್ಲಿ ಮಣ್ಣುಪಾಲು. ಕೈಯಲ್ಲಿರುವುದು ಡೀಸೆಲ್ ಗಾಡಿ, ಹೊರಗೆ ದಿನೇ ದಿನೇ ಬಿಗಿಯಾಗುವ ಹೊಗೆಯ ನಿಯಮ.

ಎರಡು ಕಂಪನಿ ಕೂಡಿಸುವುದು ಎಷ್ಟು ಕಷ್ಟ ಎನ್ನುವುದಕ್ಕೆ ಅಂಧೇರಿಯವರಿಗೆ ಉದಾಹರಣೆ ಹುಡುಕಬೇಕಿಲ್ಲ. 2024ರ ಫೆಬ್ರವರಿಯಲ್ಲಿ ಹೊಸ ಗೋಖಲೆ ಸೇತುವೆಯ ಒಂದು ಭಾಗ ತೆರೆದಾಗ ಅದಕ್ಕೂ ಪಕ್ಕದ ಬರ್ಫಿವಾಲಾ ಫ್ಲೈಓವರಿಗೂ ಎತ್ತರವೇ ಕೂಡಲಿಲ್ಲ. ಎರಡನ್ನೂ ಕಟ್ಟಿಸಿದ ಹಣ ನಿಜ, ಕಾಂಕ್ರೀಟ್ ನಿಜ, ನಡುವೆ ಮಾತ್ರ ಗಾಡಿ ದಾಟಲಾರದಷ್ಟು ಅಂತರ. ಸೇತುವೆಯನ್ನಾದರೋ ಜ್ಯಾಕ್ ಕೊಟ್ಟು ಎತ್ತಿ ಜುಲೈ ಹೊತ್ತಿಗೆ ಜೋಡಿಸಿದರು. ಪ್ಯೊಂಗ್‌ಟೇಕಿಗೂ ಮಹೀಂದ್ರಾದ ಕಾಂದಿವಲಿಗೂ ನಡುವೆ ಅಂಥ ಜ್ಯಾಕ್ ಸಿಗಲಿಲ್ಲ.

ಕೊನೆಗೆ ಆದದ್ದು ಇಷ್ಟು. 2020ರ ಡಿಸೆಂಬರ್ 21ರಂದು ಸಾಂಗ್‌ಯಾಂಗ್ ಸಾಲ ತೀರಿಸಲಾಗದೆ ಸೋಲ್‌ನ ದಿವಾಳಿ ನ್ಯಾಯಾಲಯದ ಬಾಗಿಲು ತಟ್ಟಿತು. ಎಡಿಸನ್ ಮೋಟರ್ಸ್ ಎಂಬ ಕೊರಿಯಾದ ಕಂಪನಿ ಕೊಳ್ಳುತ್ತೇನೆಂದು ಮುಂದೆ ಬಂದು, 2022ರ ಮಾರ್ಚಿನಲ್ಲಿ ಗಡುವಿನೊಳಗೆ ಹಣ ಹೊಂದಿಸಲಾಗದೆ ಒಪ್ಪಂದ ಕಳೆದುಕೊಂಡಿತು. ಅದೇ ವರ್ಷ ಕೆಜಿ ಗ್ರೂಪ್ ಕೈಗೆ ಹೋಗಿ, ಮರುವರ್ಷ ಹೆಸರೇ ಕೆಜಿ ಮೊಬಿಲಿಟಿ ಎಂದಾಯಿತು. ಮಹೀಂದ್ರಾಕ್ಕೆ ಉಳಿದದ್ದರಲ್ಲಿ ಕಣ್ಣಿಗೆ ಕಾಣುವುದು ಒಂದು: ಟಿವೊಲಿಯ ತಳಪಾಯದ ಮೇಲೆ ಕಟ್ಟಿದ ಎಕ್ಸ್‌ಯುವಿ 300, ಈಗಿನ 3ಎಕ್ಸ್‌ಒ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಸಂಜೆ ಸಿಗ್ನಲ್ ಬಿದ್ದಾಗ ನಾಲ್ಕಾದರೂ ಪಕ್ಕದಲ್ಲಿ ನಿಂತಿರುತ್ತವೆ.

ಈಗ ನನ್ನ ಲೆಕ್ಕ. ಸ್ವಲ್ಪ ಉದ್ದ ಇದೆ, ಪೆನ್ನು ಹಿಡಿದೇ ಓದಿ.

ಪಾಲಿಸಿ ಶುರುವಾದದ್ದು 2014ರಲ್ಲಿ. ವಿಮಾ ಮೊತ್ತ 10 ಲಕ್ಷ. ಕಂಪನಿ ಘೋಷಿಸುತ್ತಿದ್ದ ಬೋನಸ್ ಸರಾಸರಿ ವರ್ಷಕ್ಕೆ 42,500. ಅದೇ ಇಪ್ಪತ್ತು ವರ್ಷವೂ ನಡೆದರೆ 8.5 ಲಕ್ಷ. ಒಟ್ಟು 2034ರಲ್ಲಿ 18.5 ಲಕ್ಷ. ಅದಕ್ಕಾಗಿ ನಾನು ಇನ್ನೂ ಹದಿನಾಲ್ಕು ಕಂತು ಕಟ್ಟಬೇಕು.

ಬದಲಿಗೆ ಬಿಟ್ಟರೆ? ಕೈಗೆ ಬರುವ 1,92,000 ರೂಪಾಯಿಯನ್ನು ಪಿಪಿಎಫ್‌ಗೆ ಹಾಕುತ್ತೇನೆ (ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇರುವುದರಿಂದ ಎರಡು-ಮೂರು ವರ್ಷಕ್ಕೆ ಹಂಚಬೇಕು, ಅಷ್ಟು ವ್ಯತ್ಯಾಸ ಬಿಡಿ). ಶೇ 7.1ರಲ್ಲಿ ಹದಿನಾಲ್ಕು ವರ್ಷಕ್ಕೆ ಅದು 5.02 ಲಕ್ಷ. ಕಂತಿನ 60,000ವನ್ನೂ ಪ್ರತಿವರ್ಷ ಅಲ್ಲಿಗೇ ಕಟ್ಟಿದರೆ 14.59 ಲಕ್ಷ. ಕೂಡಿದರೆ 19.61 ಲಕ್ಷ. ಪಾಲಿಸಿಗಿಂತ 1.11 ಲಕ್ಷ ಹೆಚ್ಚು. 'ಇಷ್ಟೇನಾ?' ಅಂದರೆ, ಹೌದು, ಇಷ್ಟೇ. ಹದಿನಾಲ್ಕು ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ.

ಈ ಲೆಕ್ಕದಲ್ಲಿ ಆ 3,60,000 ಎಲ್ಲೂ ಬರಲಿಲ್ಲ, ಗಮನಿಸಿ. ಬರಬಾರದು ಕೂಡ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ನಾವು, ದುಡ್ಡಿನ ವಿಷಯ ಬಂದಾಗ ಮಾತ್ರ ಮಿಂಚಿಹೋದದ್ದನ್ನೇ ಹಿಡಿದು ಕೂರುತ್ತೇವೆ.

ಅದೇ ಲೆಕ್ಕವನ್ನು ಮೂರು ಕಂತು ಕಟ್ಟಿದ ಹೊತ್ತಿಗೆ ಮಾಡಿ ನೋಡಿ. ಕಟ್ಟಿದ್ದು 1,80,000. ಆಗಿನ ನಿಯಮದ ಪ್ರಕಾರ ವಾಪಸ್ ಸಿಗುವುದು ಶೇ 30, ಅಂದರೆ 54,000. ಯಾರಿಗಾದರೂ ಹೊಟ್ಟೆ ಉರಿಯುವ ಮೊತ್ತ. ನೂರಕ್ಕೆ ಎಪ್ಪತ್ತು ರೂಪಾಯಿ ಹೋಯಿತು. ಆದರೆ ಆ 54,000 ಶೇ 7.1ರಂತೆ ಹದಿನೇಳು ವರ್ಷಕ್ಕೆ 1.73 ಲಕ್ಷ, ಉಳಿಸಿದ ಹದಿನೇಳು ಕಂತುಗಳಿಂದ 20 ಲಕ್ಷ, ಒಟ್ಟು 21.73 ಲಕ್ಷ. ಬಡ್ಡಿದರ ಆಗ ಇನ್ನೂ ಹೆಚ್ಚೇ ಇತ್ತು, ಹೋಲಿಕೆಗೆಂದು 7.1ನ್ನೇ ಇಟ್ಟಿದ್ದೇನೆ. ಪಾಲಿಸಿಗಿಂತ ಮೂರು ಲಕ್ಷಕ್ಕೂ ಮಿಕ್ಕಿ ಲಾಭ.

ಎರಡನ್ನೂ ಅಕ್ಕಪಕ್ಕ ಇಡಿ. ಮೂರನೇ ವರ್ಷ ಬಿಟ್ಟರೆ ಕಣ್ಣಿಗೆ ಕಾಣುವ ನಷ್ಟ ಶೇ 70, ಕೊನೆಯಲ್ಲಿ ಸಿಗುವುದು 21.73 ಲಕ್ಷ. ಆರನೇ ವರ್ಷ ಬಿಟ್ಟರೆ ಕಾಣುವ ನಷ್ಟ ಶೇ 47ಕ್ಕೆ ಇಳಿದಿರುತ್ತದೆ, ಕೊನೆಯಲ್ಲಿ ಸಿಗುವುದೂ 19.61ಕ್ಕೆ ಇಳಿದಿರುತ್ತದೆ. ಕಾಯ್ದಷ್ಟೂ ನಷ್ಟ ಕಡಿಮೆಯಾದಂತೆ ತೋರುತ್ತದೆ, ಜೇಬು ಮಾತ್ರ ಹಗುರಾಗುತ್ತ ಹೋಗುತ್ತದೆ. ಹತ್ತನೇ ವರ್ಷದ ಹೊತ್ತಿಗೆ ಬಿಡುವುದರಲ್ಲಿ ಅರ್ಥವೇ ಉಳಿದಿರುವುದಿಲ್ಲ, ಆಗ ಮುಂದುವರಿಸುವುದೇ ಸರಿ. ಪಾಲಿಸಿ ಮಾಡಿಸಿದವನು ಆಗ ಬಂದು ಎದೆ ತಟ್ಟಿ ಹೇಳುತ್ತಾನೆ, 'ನಾನು ಹೇಳಿರಲಿಲ್ಲವಾ ಸರ್?'

ಇನ್ನೊಂದು ದಾರಿ ಇತ್ತು: ಕಂತು ನಿಲ್ಲಿಸಿ ಪಾಲಿಸಿಯನ್ನು ಪೇಡ್-ಅಪ್ ಮಾಡಿ ಬಿಡುವುದು. ಆಗ 2034ರಲ್ಲಿ 5.55 ಲಕ್ಷ ಬರುತ್ತಿತ್ತು, ಸರೆಂಡರ್ ಮಾಡಿದ್ದಕ್ಕಿಂತ ಅರ್ಧ ಲಕ್ಷ ಹೆಚ್ಚು. ಅಂಕಿ ನೋಡಿದರೆ ಅದೇ ಸರಿ. ಆದರೆ ಆ ಕಂಪನಿಯ ಕಾಗದ ಇನ್ನು ಹದಿನಾಲ್ಕು ವರ್ಷ ನನ್ನ ಕಪಾಟಿನಲ್ಲಿ ಇರುವುದೇ ನನಗೆ ಬೇಡವಾಗಿತ್ತು. ಅದಕ್ಕೆ ಅರ್ಧ ಲಕ್ಷ ತೆತ್ತೆ ಅಂದುಕೊಳ್ಳಿ.

ಯಾಕೆ ಇಷ್ಟು ಸಿಟ್ಟು ಅಂತೀರಾ? ಈ ಪಾಲಿಸಿ ನನಗೆ ಮಾರಿದ್ದು ವಿಮಾ ಏಜೆಂಟ್ ಅಲ್ಲ, ಅಂಧೇರಿ ಪೂರ್ವದ ಒಂದು ಬ್ಯಾಂಕಿನ ಶಾಖೆ. ಎಫ್‌ಡಿ ನವೀಕರಿಸಲು ಹೋದವನನ್ನು ಏಸಿ ಕೋಣೆಗೆ ಕರೆದು ಕೂರಿಸಿ, ಕಟಿಂಗ್ ಚಹಾ ತರಿಸಿ, 'ಇದೂ ಎಫ್‌ಡಿ ಥರಾನೇ ಸರ್, ಮೇಲಿಂದ ಇನ್ಶೂರೆನ್ಸು, ಟ್ಯಾಕ್ಸ್ ಬೇರೆ ಉಳಿಯುತ್ತೆ' ಎಂದು ಮೂರೂ ಮಾತು ಒಂದೇ ಉಸಿರಿನಲ್ಲಿ ಹೇಳಿದರು. ಮಾರ್ಚ್ ತಿಂಗಳು ಬೇರೆ, 80ಸಿ ಭೂತ ಮೈಮೇಲೆ. 10 ಲಕ್ಷದ ವಿಮೆ ಅಂಧೇರಿಯಲ್ಲಿ ಒಂದು ಸಂಸಾರವನ್ನು ಎಷ್ಟು ಕಾಲ ಸಾಕುತ್ತದೆ? ಮನೆ ಬಾಡಿಗೆ ಕೊಟ್ಟು ಮಕ್ಕಳ ಫೀಸು ಕಟ್ಟಿದರೆ ಒಂದೂವರೆ ವರ್ಷ. ಉಳಿತಾಯ ಎನ್ನಲು ಬಡ್ಡಿ ಸಾಲದು, ವಿಮೆ ಎನ್ನಲು ಮೊತ್ತ ಸಾಲದು. ಎಂಡೋಮೆಂಟ್, ಮನಿಬ್ಯಾಕ್, ಗ್ಯಾರಂಟೀಡ್ ಇನ್‌ಕಮ್, ಯಾವ ಹೆಸರಿನಲ್ಲಿ ಬಂದರೂ ಒಳಗಿನ ಸರಕು ಒಂದೇ. ಟರ್ಮ್ ಪಾಲಿಸಿ ಮಾಡಿಸಿ ಅಂದರೆ 'ಬದುಕಿ ಉಳಿದರೆ ಏನೂ ಸಿಗಲ್ಲವಲ್ಲ' ಅನ್ನುತ್ತಾರೆ. ಬದುಕಿ ಉಳಿಯುವುದು ಸಾಲದೇ?

ಹಾಗಂತ ನಷ್ಟದಲ್ಲಿರುವುದನ್ನೆಲ್ಲ ಕತ್ತರಿಸಿ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಮುಂಬೈಯದೇ ಇನ್ನೊಂದು ಕಥೆ ಇದಕ್ಕೆ ಉಲ್ಟಾ ಇದೆ. 2008ರಲ್ಲಿ ಫೋರ್ಡ್ ಜಾಗ್ವಾರ್ ಲ್ಯಾಂಡ್ ರೋವರನ್ನು ಮಾರಲು ಕೂತಾಗ ಮಹೀಂದ್ರಾವೂ ಸಾಲಿನಲ್ಲಿತ್ತು; 230 ಕೋಟಿ ಡಾಲರ್ ಕೊಟ್ಟು ಗೆದ್ದದ್ದು ಟಾಟಾ. ಮರುವರ್ಷವೇ ಟಾಟಾ ಮೋಟರ್ಸ್‌ಗೆ 2,505 ಕೋಟಿ ರೂಪಾಯಿ ನಷ್ಟ. ಅವತ್ತು ಪೇಟೆಯೆಲ್ಲ ಟಾಟಾ ಮುಳುಗಿತು ಎಂದೇ ಆಡಿಕೊಂಡಿತು. ಅವರು ಹಣ ಹಾಕುತ್ತಲೇ ಹೋದರು; 2010–11ರಲ್ಲಿ ಜೆಎಲ್‌ಆರ್ ನೂರು ಕೋಟಿ ಪೌಂಡಿಗೂ ಮಿಕ್ಕಿ ಲಾಭ ಮಾಡಿತು. ಅಲ್ಲಿ ಹಾಕುವ ಹೊಸ ರೂಪಾಯಿಗೆ ಹೊಸ ಮಾಡೆಲ್ ಇತ್ತು, ಚೀನಾದಲ್ಲಿ ಕೊಳ್ಳುವವರು ಸಾಲುಗಟ್ಟಿದ್ದರು. ಸಾಂಗ್‌ಯಾಂಗ್‌ಗೆ 2020ರಲ್ಲಿ ಹಾಕುವ ಹೊಸ ರೂಪಾಯಿಗೆ ಹಳೇ ಸಾಲದ ಬಡ್ಡಿ ಕಾದಿತ್ತು.

ಮಹೀಂದ್ರಾಕ್ಕೂ ಬಿಟ್ಟದ್ದು ಅಗ್ಗವಾಗಲಿಲ್ಲ. 2019–20ರ ಕೊನೆಯ ತ್ರೈಮಾಸಿಕದಲ್ಲಿ 3,255 ಕೋಟಿ ರೂಪಾಯಿ ನಷ್ಟ ತೋರಿಸಬೇಕಾಯಿತು. ಸಾಂಗ್‌ಯಾಂಗ್ ಸೇರಿ ಅಂಗಸಂಸ್ಥೆಗಳಲ್ಲಿ ಹಾಕಿದ್ದ ಹಣದ ಮೌಲ್ಯ ಇಳಿಸಿದ್ದೇ ಅದಕ್ಕೆ ಮುಖ್ಯ ಕಾರಣ. ಆಮೇಲೆ 2021ರಲ್ಲಿ ಮುಖ್ಯಸ್ಥರಾದ ಅನೀಶ್ ಶಾ ಶೇ 18ರ ಪ್ರತಿಫಲದ ಗೆರೆ ಎಳೆದರು, ಅದರ ಕೆಳಗಿರುವ ವ್ಯವಹಾರಗಳಿಗೆ ಲೆಕ್ಕ ಕೇಳಿದರು. 2020ರ ಮಾರ್ಚಿನಲ್ಲಿ 300 ರೂಪಾಯಿಗಿಂತ ಕೆಳಗೆ ಬಿದ್ದಿದ್ದ ಷೇರು 2024ರಲ್ಲಿ 3,000 ದಾಟಿತು. ಅದೆಲ್ಲ ಸಾಂಗ್‌ಯಾಂಗ್ ಬಿಟ್ಟ ಪುಣ್ಯ ಎಂದರೆ ಸುಳ್ಳಾಗುತ್ತದೆ. ಥಾರ್ ಓಡಿತು, ಎಕ್ಸ್‌ಯುವಿ 700 ಓಡಿತು, ಇಡೀ ಪೇಟೆಯೇ ಏರಿತು. ಆದರೆ ಪ್ಯೊಂಗ್‌ಟೇಕಿನ ಸಂಬಳಕ್ಕೆ ಹೋಗಬೇಕಿದ್ದ ಹಣ ಇಲ್ಲೇ ಉಳಿಯಿತು ಎನ್ನುವುದೂ ಸುಳ್ಳಲ್ಲ.

ನಮ್ಮ ಮನೆಗಳಲ್ಲಿ ಲೆಕ್ಕ ಕೇಳುವ ಮಂಡಳಿ ಇಲ್ಲ, ಅದೇ ತೊಂದರೆ. ಕಂತು ಖಾತೆಯಿಂದ ತಾನಾಗಿ ಹೋಗುತ್ತದೆ, ನಾವು ನೋಡುವುದೂ ಇಲ್ಲ. ಜಿಮ್ಮಿನ ಸದಸ್ಯತ್ವ, ಹೋಗದ ರೆಸಾರ್ಟಿನ ಟೈಮ್‌ಶೇರ್, ಮಗನಿಗೆ ಬೇಡವಾದ ಕೋಚಿಂಗ್ ಕ್ಲಾಸು, ಎಲ್ಲಕ್ಕೂ 'ಹೇಗೂ ಕಟ್ಟಿ ಆಗಿದೆಯಲ್ಲ' ಎನ್ನುವ ಒಂದೇ ಸಮಾಧಾನ. ನಾನು ಈಗ ತಾನಾಗಿ ಹೋಗುವ ಕಂತುಗಳಲ್ಲಿ ಸಾಲದ್ದು ಮತ್ತು ಎಸ್‌ಐಪಿ ಬಿಟ್ಟು ಮಿಕ್ಕೆಲ್ಲ ನಿಲ್ಲಿಸಿದ್ದೇನೆ. ವರ್ಷಕ್ಕೊಮ್ಮೆ ಕೈಯಾರೆ ಕಟ್ಟುತ್ತೇನೆ. ಕೈಯಾರೆ ಕಟ್ಟುವಾಗ ಒಂದು ಕ್ಷಣ ಕೈ ತಡೆಯುತ್ತದೆ, ಇದನ್ನು ಇವತ್ತು ಹೊಸದಾಗಿ ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳಲು ಅಷ್ಟು ಸಾಕು. ಗಂಡ ಹೆಂಡತಿ ಇಬ್ಬರೂ ಕೂತು ಕಟ್ಟಿದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಪಾಲಿಸಿ ಎಷ್ಟಿದೆ ಎನ್ನುವುದು ಎಷ್ಟೋ ಮನೆಗಳಲ್ಲಿ ಹೆಂಡತಿಗೆ ಗೊತ್ತಾಗುವುದೇ ಗಂಡ ಹೋದ ಮೇಲೆ.

2024ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ಹೊಸ ಪಾಲಿಸಿಗಳಲ್ಲಿ ಒಂದೇ ವರ್ಷ ಕಟ್ಟಿ ಬಿಟ್ಟರೂ ಒಂದಿಷ್ಟು ವಾಪಸ್ ಕೊಡಬೇಕು. ಹಳೆಯ ಪಾಲಿಸಿ ಇಟ್ಟುಕೊಂಡವರಿಗೆ ಇದರಿಂದ ಉಪಯೋಗವಿಲ್ಲ. ಅವರು ಮುಂದಿನ ಕಂತಿಗೆ ಮುಂಚೆ ಕಂಪನಿಯಿಂದ ಮೂರು ಅಂಕಿ ತರಿಸಿಕೊಳ್ಳಲಿ: ಇವತ್ತಿನ ಸರೆಂಡರ್ ಮೊತ್ತ, ಪೇಡ್-ಅಪ್ ಮಾಡಿದರೆ ಕೊನೆಗೆ ಸಿಗುವುದು, ಈಗಿನ ಬೋನಸ್ ದರದಲ್ಲಿ ಪೂರ್ತಿ ಮುಗಿಸಿದರೆ ಸಿಗುವುದು. ಕೊನೆಯದರಲ್ಲಿ ಖಾತ್ರಿಯಿಲ್ಲದ ಟರ್ಮಿನಲ್ ಬೋನಸ್ ಸೇರಿಸಬೇಡಿ ಎಂದು ಬರೆದೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ನನಗೆ ಫೋನಿನಲ್ಲಿ ಹೇಳಿದ ಸರೆಂಡರ್ ಮೊತ್ತಕ್ಕೂ ಇಮೇಲಿನಲ್ಲಿ ಬಂದದ್ದಕ್ಕೂ 11,000 ರೂಪಾಯಿ ವ್ಯತ್ಯಾಸವಿತ್ತು.