ಇಂದಿನ ಧಮ್ಮ ಚಿಂತನೆ: ಗಾಜಿನ ಆಚೆಯ ಜೀವ





ಹೋದ ತಿಂಗಳು ಖಾನಾಪುರದ ನಮ್ಮ ಶಾಲೆಯ ಏಳನೆಯ ತರಗತಿ ಮಕ್ಕಳನ್ನು ಬೆಳಗಾವಿಗೆ ಮೀನಿನ ಸುರಂಗದ ಪ್ರದರ್ಶನಕ್ಕೆ ಕರೆತಂದಿದ್ದೆ. ತಲೆಯ ಮೇಲೆ ನೀರು, ಎರಡೂ ಬದಿಗೆ ಗಾಜು. ಮಕ್ಕಳು ಕಣ್ಣರಳಿಸಿ ನೋಡಿದರು. ನಾನೂ ನೋಡಿದೆ. ತೋಳುದ್ದದ ಮೀನೊಂದು ಗೋಡೆವರೆಗೆ ಹೋಗುವುದು, ತಿರುಗುವುದು, ಮತ್ತೆ ಹೋಗುವುದು, ತಿರುಗುವುದು. ಒಬ್ಬ ಹುಡುಗಿ ಕೇಳಿದಳು, "ಸರ್, ಇಲ್ಲಿ ಡಾಲ್ಫಿನ್ ಯಾವಾಗ ತರ್ತಾರ್ರೀ?"

"ತರೂದಿಲ್ಲವ್ವಾ. ನಮ್ಮ ದೇಶದಾಗ ಅದಕ್ಕ ಪರವಾನಗಿ ಇಲ್ಲ."

"ಯಾಕ್ರೀ ಸರ್?"

ಆ ಪ್ರಶ್ನೆಯೇ ಇಂದಿನ ಪಾಠ.

*ನಡೆದದ್ದೇನು?*

1998ರಲ್ಲಿ ಚೆನ್ನೈ ಬಳಿಯ ಮನರಂಜನಾ ಉದ್ಯಾನವೊಂದಕ್ಕೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳನ್ನು ತಂದರು. ಅವು ಕೆಲವೇ ತಿಂಗಳಲ್ಲಿ ಸತ್ತವು. ಮುಂದೆ ಕೊಚ್ಚಿಯಲ್ಲಿ, ನಮ್ಮ ಘಟ್ಟದ ಕೆಳಗಿನ ಸಿಂಧುದುರ್ಗದಲ್ಲಿ ಇಂಥ ಯೋಜನೆಗಳು ತಲೆಯೆತ್ತಿದಾಗ ವಿರೋಧ ಬಂತು. 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರವು ಡಾಲ್ಫಿನ್ ಪ್ರದರ್ಶನಾಲಯಗಳಿಗೆ ಅನುಮತಿ ಕೊಡಬಾರದೆಂದು ಸುತ್ತೋಲೆ ಹೊರಡಿಸಿತು. ಈ ಜೀವಿಗಳು ಅತಿ ಬುದ್ಧಿಶಾಲಿಗಳು, ಸೂಕ್ಷ್ಮಜೀವಿಗಳು. ಅವನ್ನು 'ಮಾನವೇತರ ವ್ಯಕ್ತಿ'ಗಳೆಂದು ಕಾಣಬೇಕು ಎಂಬ ಮಾತು ಅದರಲ್ಲಿತ್ತು.

ಡಾಲ್ಫಿನ್ ಮೀನಲ್ಲ. ಅದು ಮರಿಗೆ ಹಾಲೂಡುತ್ತದೆ, ಶ್ವಾಸಕೋಶದಿಂದ ಉಸಿರಾಡುತ್ತದೆ, ಗುಂಪಿನಲ್ಲಿ ಬಾಳುತ್ತದೆ. ಸದ್ದು ಮಾಡಿ, ಅದರ ಮಾರ್ದನಿ ಕೇಳಿ ದಾರಿ ಕಾಣುತ್ತದೆ. ತೊಟ್ಟಿಯಲ್ಲಿ ಯಾವ ಕಡೆ ಕೂಗಿದರೂ ಮರಳಿ ಕೇಳುವುದು ಗೋಡೆಯೇ. ಅದೇ ವಂಶದ ಓರ್ಕಾ 'ತಿಲಿಕಮ್'ನನ್ನು 1983ರಲ್ಲಿ ಐಸ್‌ಲ್ಯಾಂಡ್ ಬಳಿ ಮರಿಯಾಗಿದ್ದಾಗಲೇ ಹಿಡಿದರು. 2010ರಲ್ಲಿ ಅಮೆರಿಕದಲ್ಲಿ ತನ್ನ ತರಬೇತುದಾರಳನ್ನೇ ಕೊಂದ ಅವನು, 2017ರಲ್ಲಿ ತೊಟ್ಟಿಯಲ್ಲೇ ಸತ್ತ.

*ಹಿರಿಯರೊಬ್ಬರ ಮಾತು*

ಇದನ್ನು ನಮ್ಮ ಭಾನುವಾರದ ಅಧ್ಯಯನದಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತರು. "ಸರ, ನಮ್ಮಪ್ಪಗ ಊರ ಬಾವಿ ಮುಟ್ಟಾಕ ಬಿಡಲಿಲ್ಲ. ಎತ್ತು, ಎಮ್ಮಿ ನೀರು ಕುಡಿತಿದ್ದುವು, ಅಂವಾ ದೂರ ನಿಂತಿದ್ದ. ನಮ್ಮನ್ನ ಮನಶ್ಯಾರಂತ ಕರಿಯಾಕ ಈ ದೇಶಕ್ಕ ಎಷ್ಟ ವರ್ಷ ಹಿಡೀತು? ಈಗ ಡಾಲ್ಫಿನ್ ವ್ಯಕ್ತಿ ಆತೇನು?"

ಸಭೆ ಸುಮ್ಮನಾಯಿತು. ಆ ಮಾತು ಸುಳ್ಳಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ದೂ ಇದಕ್ಕಾಗಿಯೇ. ದನಕ್ಕೆ ಕೈಮುಗಿದು ಮನುಷ್ಯನನ್ನು ದೂರ ತಳ್ಳಿದ ದಯೆಯನ್ನು ನಾವು ಕಂಡುಂಡಿದ್ದೇವೆ. ಗಟಾರಕ್ಕಿಳಿದು ಸಾಯುವವನನ್ನು ನೋಡದೆ ಡಾಲ್ಫಿನ್‌ಗಾಗಿ ಅಳುವುದು ಮೈತ್ರಿಯಲ್ಲ.

ಆದರೆ ಬಾಬಾಸಾಹೇಬರು ಅಲ್ಲಿಗೇ ನಿಲ್ಲಲಿಲ್ಲ. 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಸಕಲ ಜೀವಿಗಳ ಮೇಲಿನ ದಯೆಯ ಪ್ರತಿಜ್ಞೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನ ಪ್ರೀತಿ ಎಂದು ಬಿಡಿಸಿ ಹೇಳುತ್ತಾರೆ. ಮನುಷ್ಯನನ್ನು ಬಿಟ್ಟು ಜಿಗಿಯುವಂತಿಲ್ಲ, ಮನುಷ್ಯನಲ್ಲೇ ನಿಲ್ಲುವಂತೆಯೂ ಇಲ್ಲ. ನಮ್ಮ ನೋವನ್ನು ಡಾಲ್ಫಿನ್ನಿನ ನೋವಿನ ಪಕ್ಕ ಇಟ್ಟು ನಾನು ತೂಗುತ್ತಿಲ್ಲ. ಇನ್ನೊಬ್ಬರು ಗೆರೆ ಎಳೆದು 'ನಿನ್ನ ಜಾಗ ಇಷ್ಟೇ' ಎನ್ನುವುದು ಏನೆಂದು ಬಲ್ಲವರು ನಾವು. ಬಲ್ಲವರ ಮೇಲೆ ಹೊಣೆ ಹೆಚ್ಚು ಎನ್ನುತ್ತೇನೆ, ಅಷ್ಟೇ.

*ಅಗತ್ಯವೋ, ಆಸೆಯೋ?*

ಅಹಿಂಸೆಯ ಬಗ್ಗೆ ಬರೆಯುವಾಗ ಬಾಬಾಸಾಹೇಬರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎನ್ನುತ್ತಾರೆ. ಕೂಡಿಹಾಕುವುದಕ್ಕೂ ಇದೇ ಅಳತೆಗೋಲು ಹಿಡಿಯೋಣ. ಗಾಯಗೊಂಡು ದಡಕ್ಕೆ ಬಿದ್ದ ಡಾಲ್ಫಿನ್ನನ್ನು ಗುಣವಾಗುವವರೆಗೆ ತೊಟ್ಟಿಯಲ್ಲಿಟ್ಟರೆ ಅದು ಅಗತ್ಯ. ಟಿಕೆಟ್ ಮಾರಿ ಕುಣಿಸಲು ಇಟ್ಟರೆ ಅದು ಆಸೆ.

"ಕಣ್ಣಾರೆ ನೋಡದೆ ಮಕ್ಕಳಿಗೆ ಪ್ರೀತಿ ಹೇಗೆ ಬಂದೀತು?" ಎಂದು ಪರವಾಗಿರುವವರು ಕೇಳುತ್ತಾರೆ. ಈ ಪ್ರಶ್ನೆ ನನ್ನನ್ನೂ ಕಾಡಿತು. ಉಳ್ಳವರ ಮಕ್ಕಳು ಗೋವಾದಲ್ಲಿ ದೋಣಿ ಹತ್ತಿ ಡಾಲ್ಫಿನ್ ನೋಡಿ ಬರುತ್ತಾರೆ. ಚೋರ್ಲಾ ಘಾಟ್ ಇಳಿದರೆ ಕಡಲು; ಆದರೂ ನನ್ನ ಆ ವಿದ್ಯಾರ್ಥಿನಿ ಕಡಲನ್ನೇ ಕಂಡಿಲ್ಲ. ಅವಳಿಗೆ ಸಿಗಬೇಕಾದದ್ದು ತೊಟ್ಟಿಯಲ್ಲ, ಕಡಲು. ತೊಟ್ಟಿಯ ಮುಂದೆ ಅವಳು ಕಲಿಯುವುದು ಡಾಲ್ಫಿನ್ನಿನ ಬದುಕನ್ನಲ್ಲ, ಬಲ ಇದ್ದವರು ಇನ್ನೊಬ್ಬರನ್ನು ನೋಟಕ್ಕೆ ಇಟ್ಟುಕೊಳ್ಳಬಹುದು ಎಂಬುದನ್ನು.

ಆ ದಿನ ಟಿಕೆಟ್ ಕೊಂಡವನು ನಾನೇ. ತಪ್ಪನ್ನು ಒಪ್ಪಿಕೊಂಡು, ಮುಂದಿನ ಶೈಕ್ಷಣಿಕ ಪ್ರವಾಸ ಕಾರವಾರದ ಕಡಲಿಗೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಬಸ್ಸಿನ ಖರ್ಚು ಕೊಡಲಾಗದ ಮಕ್ಕಳಿದ್ದಾರೆ. ಕೈಲಾದವರು ಭಾನುವಾರ ತಿಳಿಸಿರಿ. ಹಿಂದಿನ ಸಭೆಯಲ್ಲಿ ಎದ್ದು ನಿಂತ ಆ ಹಿರಿಯರು ಮೊದಲು ನೂರು ರೂಪಾಯಿ ಕೊಟ್ಟು, "ಹುಡುಗೂರು ನೀರು ನೋಡ್ಲಿ" ಎಂದರು.

*ಇಂದಿನ ಅಭ್ಯಾಸ:* ಮನೆಯಲ್ಲಿ, ಓಣಿಯಲ್ಲಿ ನಾವು ಕಟ್ಟಿಹಾಕಿದ, ಕೂಡಿಹಾಕಿದ ಒಂದು ಜೀವದ ಮುಂದೆ ಐದು ನಿಮಿಷ ಕುಳಿತು ಕೇಳಿಕೊಳ್ಳೋಣ: ಇದು ನನ್ನ ಅಗತ್ಯವೋ, ಆಸೆಯೋ?

ಭವತು ಸಬ್ಬ ಮಂಗಲಂ. ಜೈ ಭೀಮ್.